ಪೋಡಿನ ಪಾಚಿ, ಪೇಟೆಯ ಕಲ್ಲುಹೂವು

ಕೆಂಗೇರಿಯಲ್ಲಿ ನಮ್ಮ ತಾತನ ದಿನಸಿ ಅಂಗಡಿ ಇತ್ತು. ಬಾಗಿಲ ಎಡಗಡೆ ಸಾಲಾಗಿ ಗೋಣಿಚೀಲಗಳು ಇರುತ್ತಿದ್ದವು. ಹುಣಸೆಹಣ್ಣು, ಸೀಗೆಕಾಯಿ, ಅಂಟುವಾಳ, ಮತ್ತೆ ಒಂದು ಚೀಲದಲ್ಲಿ ಬೂದಿ ಬಣ್ಣದ, ಸುಟ್ಟ ಕಾಗದದಂತೆ ಸುರುಳಿಯಾದ ಒಂದು ಪದಾರ್ಥ. ಅದು ಕಲ್ಲುಹೂವು. ಬಾಡೂಟದ ಮಸಾಲೆಗೆ, ಪಲಾವಿಗೆ ಹಾಕುವ ಆ ವಸ್ತು ಕಲ್ಲೂ ಅಲ್ಲ, ಹೂವೂ ಅಲ್ಲ ಎಂದು ನನಗೆ ಗೊತ್ತಾದದ್ದು ಒಂಬತ್ತನೇ ತರಗತಿಯಲ್ಲಿ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಮನೆಗೆಲಸ ಕೊಟ್ಟಿದ್ದರು. ಮನೆಯಲ್ಲಿರುವ ಹತ್ತು ವಸ್ತುಗಳ ಹೆಸರು ಬರೆಯಬೇಕು. ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು, ಮೂರನೆಯ ಕಾಲಂನಲ್ಲಿ ಅದನ್ನು ಕಿತ್ತವರು ಅಥವಾ ಮಾಡಿದವರು ಯಾರು ಎಂದು ಬರೆಯಬೇಕು. ಕಲ್ಲುಹೂವಿನ ಮುಂದೆ ನಾನು "ಪೇಟೆಯ ಗ್ರಂಥಿಗೆ ಅಂಗಡಿ" ಎಂದು ಬರೆದೆ. ಮೂರನೆಯ ಕಾಲಂ ಖಾಲಿ ಬಿಟ್ಟೆ. ತಾತನಿಗೂ ಗೊತ್ತಿರಲಿಲ್ಲ.

2003ರ ಡಿಸೆಂಬರಿನಲ್ಲಿ ಶಾಲೆಯಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರವಾಸ ಹೋದೆವು. ಇಲ್ಲಿಂದ ಸುಮಾರು 180 ಕಿಲೋಮೀಟರ್. ಯಳಂದೂರು ದಾಟಿ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಅರ್ಧ ಜನಕ್ಕೆ ವಾಂತಿ. ದೇವಸ್ಥಾನ ನೋಡಿದ ಮೇಲೆ ಮೇಷ್ಟ್ರು ನಮ್ಮನ್ನು ಸಹಕಾರ ಸಂಘದ ಉಗ್ರಾಣದ ಹತ್ತಿರ ಕರೆದುಕೊಂಡು ಹೋದರು. ಹೆಂಗಸರು ನೆಲ್ಲಿಕಾಯಿ ಮೂಟೆಗಳನ್ನು ಇಳಿಸುತ್ತಿದ್ದರು. ಒಂದು ಮೂಲೆಯಲ್ಲಿ ಅದೇ ಬೂದಿ ಬಣ್ಣದ ರಾಶಿ. "ಇದೇನು?" ಎಂದು ಕೇಳಿದರೆ ಒಬ್ಬ ಅಜ್ಜಿ, "ಪಾಚಿ ಕಣಪ್ಪ, ಮರದ ಪಾಚಿ" ಎಂದರು. ನಾವು ಕಲ್ಲುಹೂವು ಅನ್ನುವುದು ಅವರಿಗೆ ಪಾಚಿ. ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿಗಳನ್ನು ಮರ ಹತ್ತಿ, ಇಲ್ಲವೇ ಬಿದ್ದ ಕೊಂಬೆಗಳಿಂದ ಬಿಡಿಸಿ, ಒಣಗಿಸಿ ತರುತ್ತಾರೆ. ದಿನವಿಡೀ ಬಿಡಿಸಿ ತುಂಬಿದ ಚೀಲವನ್ನು ತಕ್ಕಡಿಗೆ ಇಟ್ಟರೆ ಮುಳ್ಳು ಅಲುಗಿದರೆ ಪುಣ್ಯ, ಅಷ್ಟು ಹಗುರ.

ಅಂದಿನಿಂದ ನನಗೆ ಆ ಉಗ್ರಾಣದ ಕಥೆಯ ಮೇಲೆ ಒಂದು ಕಣ್ಣು. ಓದಿದ್ದು ಎಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸ ನನ್ನ ವಿಷಯವಲ್ಲ. ಆದರೆ ನಮ್ಮ ಶಾಲೆ ಶುರುವಾದದ್ದು 1974ರಲ್ಲಿ, ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಧಾಮವಾದದ್ದೂ 1974ರಲ್ಲಿ. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಅಲ್ಲಿಯ ಐವತ್ತು ವರ್ಷಗಳ ಬಗ್ಗೆಯೂ ಬರೆಯಬೇಕೆನಿಸಿತು.

ಆ ಬೆಟ್ಟದ ಜನ ಸೋಲಿಗರು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 33 ಸಾವಿರ. ಹೆಚ್ಚಿನವರು ಇರುವುದು ಚಾಮರಾಜನಗರ ಜಿಲ್ಲೆಯಲ್ಲಿ. ಅವರ ಊರಿಗೆ ಪೋಡು ಎನ್ನುತ್ತಾರೆ. ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬುದು ಅವರ ಕಥೆ. ಆದ್ದರಿಂದ ದೇವರು ಅವರಿಗೆ ಭಾವ. ದೇವರನ್ನು ಭಾವ ಎಂದು ಕರೆಯುವ ಸಲುಗೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಟಿಪ್ಪುವಿನ ಪತನದ ನಂತರ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಸೋಲಿಗರ ಬಗ್ಗೆ ಬರೆದಿಟ್ಟಿದ್ದಾನೆ. ಬಿದಿರನ್ನು ಕಮಾನಿನಂತೆ ಬಗ್ಗಿಸಿ ಎರಡೂ ತುದಿಯನ್ನು ನೆಲಕ್ಕೆ ಊರಿ, ಬಾಳೆ ಎಲೆ ಹೊದಿಸಿದ ಗುಡಿಸಲುಗಳು. ರಾತ್ರಿ ಬೆಂಕಿಯ ಸುತ್ತ ಮಲಗುವ ಜನ. ಅವನ ಕಣ್ಣಿಗೆ ಕಂಡದ್ದು ಬಡತನ. ಅವರ ಬೇಸಾಯಕ್ಕೆ ಕೊತ್ತುಗಾಡು ಎಂದು ಹೆಸರು. ಒಂದು ತುಂಡು ಕಾಡನ್ನು ಸವರಿ, ಗುದ್ದಲಿಯಲ್ಲಿ ಕೆದಕಿ ರಾಗಿ, ಅವರೆ, ಸಾಸಿವೆ ಚೆಲ್ಲುವುದು. ಕೆಲವು ವರ್ಷವಾದ ಮೇಲೆ ಆ ಜಾಗ ಬಿಟ್ಟು ಇನ್ನೊಂದು ಕಡೆಗೆ ಹೋಗುವುದು. ಕಾಡಿನಲ್ಲಿ ಸಿಗದೆ ಇದ್ದದ್ದು ಉಪ್ಪು, ಬಟ್ಟೆ, ಕಬ್ಬಿಣ. ಅದಕ್ಕಾಗಿ ಜೇನು, ಮೇಣ, ಸೀಗೆ ಹೊತ್ತುಕೊಂಡು ಬಯಲುಸೀಮೆಗೆ ಇಳಿಯುತ್ತಿದ್ದರು. ವ್ಯಾಪಾರದ ಮೂಲ ಇಷ್ಟೇ.

ಇಂಗ್ಲಿಷರ ಕಾಲದಲ್ಲಿ ಕಾಡಿಗೆ ಇಲಾಖೆ ಬಂತು. ಮರ ಸರ್ಕಾರದ್ದಾಯಿತು, ಜೊತೆಗೆ ಮರದ ಮೇಲಿನ ಕಾಯಿ, ಪಾಚಿ, ಜೇನು ಕೂಡ ಸರ್ಕಾರದ್ದಾಯಿತು. ಕಾಗದದಲ್ಲಿ ಅದಕ್ಕೆ "ಕಿರು ಅರಣ್ಯ ಉತ್ಪನ್ನ" ಎಂದು ಹೆಸರು. ಯಾರಿಗೆ ಕಿರು ಎಂದು ಕೇಳಬೇಕು. ಬೆಟ್ಟದ ಮೇಲೆ ಮಾರಿಸ್ ಕುಟುಂಬದಂಥ ಯುರೋಪಿಯನ್ನರು ಕಾಫಿ ತೋಟ ಹಾಕಿದರು. ಸೋಲಿಗರಲ್ಲಿ ಕೆಲವರಿಗೆ ಅಲ್ಲಿ ಕೂಲಿ ಸಿಕ್ಕಿತು. ಉಳಿದಂತೆ ಕಾಡಿನ ಉತ್ಪನ್ನ ಸಂಗ್ರಹಿಸುವ ಹಕ್ಕು ಹರಾಜಿಗೆ ಹೋಯಿತು. ಹರಾಜು ಹಿಡಿದ ಗುತ್ತಿಗೆದಾರ ಬಯಲಿನಲ್ಲಿರುತ್ತಿದ್ದ. ಅವನ ಏಜೆಂಟ್ ಪೋಡಿಗೆ ಬರುತ್ತಿದ್ದ. ರಾಗಿ, ಉಪ್ಪು, ಹೊಗೆಸೊಪ್ಪು, ಬಟ್ಟೆ ಮುಂಗಡವಾಗಿ ಕೊಡುತ್ತಿದ್ದ. ಸುಗ್ಗಿಯಲ್ಲಿ ಜೇನು, ನೆಲ್ಲಿ ತಂದು ಸಾಲ ತೀರಿಸಬೇಕು. ತೀರಿತೋ ಇಲ್ಲವೋ ಎಂದು ಹೇಳುವುದು ಅವನ ಪುಸ್ತಕ. ಓದು ಬಾರದವರ ಪಾಲಿಗೆ ಆ ಪುಸ್ತಕವೇ ಕಾನೂನು.

ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ. ಕಂಪನಿ ಕೆಲಸದ ಮೇಲೆ ನಾನು ಕೆಲವು ತಿಂಗಳು ಅಮೆರಿಕದ ಅರಿಜೋನಾ ರಾಜ್ಯದಲ್ಲಿದ್ದೆ. ಒಂದು ವಾರಾಂತ್ಯ ಗನಾಡೊ ಎಂಬ ಊರಿಗೆ ಹೋದಾಗ ಹಬೆಲ್ ಟ್ರೇಡಿಂಗ್ ಪೋಸ್ಟ್ ಎಂಬ ಹಳೆಯ ಅಂಗಡಿಯನ್ನು ನೋಡಿದೆ. ಆ ನಾಡಿನ ಮೂಲನಿವಾಸಿಗಳು ನವಾಹೋ ಜನ. ಅವರು ತಮ್ಮನ್ನು ದಿನೆ ಎಂದು ಕರೆದುಕೊಳ್ಳುತ್ತಾರೆ. 1864ರಲ್ಲಿ ಅಮೆರಿಕದ ಸೈನ್ಯ ಅವರ ಹೊಲ, ತೋಪು, ಕುರಿಹಿಂಡುಗಳನ್ನು ನಾಶ ಮಾಡಿ, ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಾಸ್ಕ್ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರ ಬದುಕಿ ಉಳಿದವರು ತಮ್ಮ ನೆಲಕ್ಕೆ ಮರಳಿದರು. ಬರಿಗೈಯಲ್ಲಿ ಬಂದವರ ನಡುವೆ ಸರ್ಕಾರದ ಪರವಾನಗಿ ಪಡೆದ ಬಿಳಿಯ ವ್ಯಾಪಾರಿಗಳು ಅಂಗಡಿ ತೆರೆದರು. ಜಾನ್ ಲೊರೆಂಜೊ ಹಬೆಲ್ 1878ರಲ್ಲಿ ಕೊಂಡ ಅಂಗಡಿ ಅಂಥದ್ದರಲ್ಲಿ ಒಂದು.

ಒಳಗೆ ಕಾಲಿಟ್ಟರೆ ಮರದ ನೆಲ ಕಿರುಗುಟ್ಟುತ್ತದೆ. ಮೂರು ಕಡೆ ಎದೆಮಟ್ಟದ ಎತ್ತರದ ಕಟ್ಟೆ. ಗಿರಾಕಿ ನಡುವೆ ನಿಲ್ಲಬೇಕು, ಸಾಮಾನೆಲ್ಲ ಕಟ್ಟೆಯ ಆಚೆ. ಹಿಟ್ಟು, ಸಕ್ಕರೆ, ಕಾಫಿ, ಡಬ್ಬದ ಹಣ್ಣು, ಬಟ್ಟೆ, ಬಕೆಟ್ಟು. ವಸಂತದಲ್ಲಿ ಉಣ್ಣೆ, ಶರತ್ಕಾಲದಲ್ಲಿ ಕುರಿಮರಿ ತಂದುಕೊಟ್ಟು ಲೆಕ್ಕ ಚುಕ್ತಾ ಮಾಡುವುದು. ನಡುವಿನ ತಿಂಗಳಲ್ಲಿ ಸಾಲ. ಹೆಂಗಸರು ನೇಯ್ದ ಕಂಬಳಿಯನ್ನು ಎಷ್ಟೋ ಅಂಗಡಿಗಳಲ್ಲಿ ತೂಕಕ್ಕೆ ಕೊಳ್ಳುತ್ತಿದ್ದರು. ಸಾಲಕ್ಕೆ ಬೆಳ್ಳಿ ಒಡವೆ ಅಡವಿಡುತ್ತಿದ್ದರು. ಹಬೆಲ್ ಅಷ್ಟೇನೂ ಕೆಟ್ಟವನಲ್ಲ ಎಂದು ಅಲ್ಲಿಯವರ ನೆನಪು. ಕಾಗದ ಓದಿ ಹೇಳುತ್ತಿದ್ದ, ಬರೆದುಕೊಡುತ್ತಿದ್ದ, ಕಾಯಿಲೆ ಬಂದವರನ್ನು ನೋಡಿಕೊಳ್ಳುತ್ತಿದ್ದ. ದೂರದ ಪಟ್ಟಣದ ಕೊಳ್ಳುವವರಿಗೆ ಯಾವ ಬಣ್ಣ, ಯಾವ ಚಿತ್ತಾರ ಹಿಡಿಸುತ್ತದೆ ಎಂದು ನೇಯುವವರಿಗೆ ಹೇಳುತ್ತಿದ್ದ. ಕೆಂಪು ಬಣ್ಣದ ಗನಾಡೊ ಕಂಬಳಿ ಪ್ರಸಿದ್ಧಿಯಾದದ್ದು ಹೀಗೆ. 1967ರಿಂದ ಆ ಅಂಗಡಿ ರಾಷ್ಟ್ರೀಯ ಸ್ಮಾರಕವಾಗಿ ಸರ್ಕಾರದ ಕೈಯಲ್ಲಿದೆ, ವ್ಯಾಪಾರ ಇನ್ನೂ ನಡೆಯುತ್ತದೆ. ಆದರೆ ಎಲ್ಲ ಅಂಗಡಿಗಳೂ ಹಾಗಿರಲಿಲ್ಲ. ಸಾಲ, ಅಡವು, ಬೆಲೆಯ ವಿಚಾರದಲ್ಲಿ ದೂರುಗಳು ಹೆಚ್ಚಿ 1972ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗವೇ ನವಾಹೋ ನಾಡಿಗೆ ಬಂದು ವಿಚಾರಣೆ ನಡೆಸಬೇಕಾಯಿತು.

ಆ ಎತ್ತರದ ಕಟ್ಟೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಯಳಂದೂರಿನ ಏಜೆಂಟನಲ್ಲ, ನಮ್ಮ ತಾತ. ಸುತ್ತಲ ಹಳ್ಳಿಯವರು ಹುಣಸೆ, ಹೊಂಗೆ ಬೀಜ ತಂದಾಗ ಕಸ, ಕಡ್ಡಿ, ತೇವ ಎಂದು ತೂಕದಲ್ಲಿ ಒಂದಿಷ್ಟು ಕಳೆಯುತ್ತಿದ್ದರು. ಬದಲಿಗೆ ಬೆಲ್ಲ, ಸೀಮೆಎಣ್ಣೆ ಕೊಟ್ಟು ಬರೆದುಕೊಳ್ಳುತ್ತಿದ್ದರು. ಅದೇ ತಾತ ಹಳ್ಳಿಯವರ ಮಕ್ಕಳ ಮದುವೆಗೆ ರಾತ್ರೋರಾತ್ರಿ ಅಕ್ಕಿ ಮೂಟೆ ಕಳಿಸಿದ್ದೂ ಉಂಟು. ಅವರು ಒಳ್ಳೆಯವರೇ. ಆದರೆ ತಕ್ಕಡಿ ಅವರ ಕೈಯಲ್ಲಿತ್ತು, ಪುಸ್ತಕವೂ ಅವರ ಕೈಯಲ್ಲಿತ್ತು. ಒಬ್ಬನೇ ಕೊಳ್ಳುವವನು, ಒಬ್ಬನೇ ಮಾರುವವನು, ಸಾಲ ಕೊಡುವವನೂ ಅವನೇ ಆದಾಗ ಅವನು ಒಳ್ಳೆಯವನಾಗಿರುವುದು ಗಿರಾಕಿಯ ಅದೃಷ್ಟ ಅಷ್ಟೆ.

ನವಾಹೋ ಹೆಂಗಸು ಬೆಳ್ಳಿ ಬಳೆ ಅಡವಿಟ್ಟರೆ ಸೋಲಿಗ ಇಡುತ್ತಿದ್ದದ್ದು ಮುಂದಿನ ಜೇನನ್ನು. ಇನ್ನೂ ಗೂಡು ಕಟ್ಟದ ಹೆಜ್ಜೇನಿನ ಮೇಲೆ ಸಾಲ.

ಮತ್ತೆ ಬೆಟ್ಟಕ್ಕೆ ಬರೋಣ. 1970ರ ದಶಕದಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಒಂದು, ವನ್ಯಜೀವಿ ಧಾಮ. ಕೊತ್ತುಗಾಡು ನಿಂತಿತು, ಬೇಟೆ ನಿಂತಿತು, ಅಲ್ಲಲ್ಲಿ ಹರಡಿದ್ದ ಪೋಡುಗಳ ಜನರನ್ನು ಕಾಲೋನಿಗಳಂತೆ ಒಂದೆಡೆ ಕೂರಿಸಲಾಯಿತು. ಬೆಳೆಯುವ ದಾರಿ ಮುಚ್ಚಿದ ಮೇಲೆ ಉಳಿದದ್ದು ಆಯುವ ದಾರಿ ಒಂದೇ. ಎರಡು, ಲ್ಯಾಂಪ್ಸ್ ಎಂದು ಜನ ಕರೆಯುವ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘ. ಗುತ್ತಿಗೆದಾರನನ್ನು ತೆಗೆದು, ಸಂಗ್ರಹದ ಹಕ್ಕನ್ನು ಆದಿವಾಸಿಗಳೇ ಸದಸ್ಯರಾಗಿರುವ ಸಂಘಕ್ಕೆ ಕೊಡುವುದು. ಅದೇ ಸಂಘ ನ್ಯಾಯಬೆಲೆಗೆ ದಿನಸಿ ಕೊಡುವುದು, ಸಾಲ ಕೊಡುವುದು. ಕೇಂದ್ರದ ಬಾವಾ ಸಮಿತಿಯ ಸಲಹೆಯಿಂದ ದೇಶದ ಆದಿವಾಸಿ ಪ್ರದೇಶಗಳಲ್ಲೆಲ್ಲ ಇಂಥ ಸಂಘಗಳು ಹುಟ್ಟಿದವು. ನಾವು ಶಾಲಾ ಪ್ರವಾಸದಲ್ಲಿ ನೋಡಿದ ಉಗ್ರಾಣ ಇದರದ್ದೇ.

ಯೋಜನೆ ಒಳ್ಳೆಯದು. ಮುಂಗಡದ ಉರುಳಿನಿಂದ ಬಹಳ ಜನ ಹೊರಗೆ ಬಂದರು, ಇದನ್ನು ಒಪ್ಪಲೇಬೇಕು. ಆದರೆ ಕೆಲಸ ನಡೆದ ರೀತಿ ನೋಡಿ. ಸದಸ್ಯರು ಸೋಲಿಗರು, ಕಾರ್ಯದರ್ಶಿ ಇಲಾಖೆಯಿಂದ ಬಂದ ಅಧಿಕಾರಿ. ಅರಣ್ಯ ಇಲಾಖೆಗೆ ರಾಜಧನ ಕಟ್ಟಬೇಕು. ಸಂಗ್ರಹಿಸಿದವನಿಗೆ ಸಿಗುವುದು ಸರಕಿನ ಬೆಲೆಯಲ್ಲ, ಸಂಗ್ರಹದ ಕೂಲಿ. ಸರಕು ಕೊನೆಗೆ ಟೆಂಡರಿನಲ್ಲಿ ಮಾರಾಟವಾಗುತ್ತಿದ್ದದ್ದು ಬಯಲಿನ ವರ್ತಕರಿಗೇ. ಬೆಟ್ಟದ ಮೇಲೆ ಹೋದ ಗುತ್ತಿಗೆದಾರ ಬೆಟ್ಟದ ಕೆಳಗೆ ಕೊಳ್ಳುವವನಾಗಿ ಕೂತ ಹಾಗೆ. ಸಾಫ್ಟ್‌ವೇರ್‌ನಲ್ಲಿ ನಾವೂ ಹೀಗೆ ಮಾಡುವುದುಂಟು. ಪರದೆ ಹೊಸದು, ಹಿಂದಿನ ಲೆಕ್ಕ ಹಳೆಯದೇ.

1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿದರು. ಮೊದಲು ಆಸ್ಪತ್ರೆ, ನಂತರ ಶಾಲೆ. ಓದು ಬಂದಮೇಲೆ ಲೆಕ್ಕ ಕೇಳುವವರು ಹುಟ್ಟಿದರು. 1990ರ ದಶಕದಲ್ಲಿ ಸಂಶೋಧಕರು ಪೋಡುಗಳಲ್ಲಿ ಕೂತು ಲೆಕ್ಕ ಹಾಕಿದಾಗ ಸೋಲಿಗರ ಮನೆಗಳ ನಗದು ಆದಾಯದಲ್ಲಿ ಸುಮಾರು ಅರ್ಧ, ಕೆಲವು ಕಡೆ ಅದಕ್ಕಿಂತ ಹೆಚ್ಚು, ಕಾಡಿನ ಉತ್ಪನ್ನದಿಂದಲೇ ಬರುತ್ತಿತ್ತು. ಅದೇ ದಶಕದಲ್ಲಿ ಜೇನು ಶುದ್ಧೀಕರಣ, ನೆಲ್ಲಿ ಉಪ್ಪಿನಕಾಯಿ ಮಾಡುವ ಘಟಕಗಳು ಬೆಟ್ಟದಲ್ಲೇ ಆರಂಭವಾದವು. ಕಾಯಿಯಾಗಿ ಇಳಿಯುತ್ತಿದ್ದದ್ದು ಬಾಟಲಿಯಾಗಿ ಇಳಿಯತೊಡಗಿತು.

ಜೇನಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮಗೆ ಜೇನು ಒಂದೇ, ಅವರಿಗೆ ನಾಲ್ಕು: ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ. ವ್ಯಾಪಾರಕ್ಕೆ ಹೆಚ್ಚು ಬರುವುದು ಹೆಜ್ಜೇನು. ದೊಡ್ಡ ಮರಗಳ ಕೊಂಬೆಯಲ್ಲಿ, ಬಂಡೆಯ ಮುಖದಲ್ಲಿ ತೂಗುವ ತಟ್ಟಿಗಳು. ಯುಗಾದಿ ಕಳೆದ ಮೇಲೆ ಮಳೆಗಾಲ ಹಿಡಿಯುವ ತನಕ ಅದರ ಕಾಲ. ಹೆಚ್ಚಾಗಿ ಕತ್ತಲಲ್ಲಿ, ಹಸಿ ಸೊಪ್ಪಿನ ಹೊಗೆಪಂಜು ಹಿಡಿದು ಹತ್ತುತ್ತಾರೆ. ಹತ್ತುವವನು ಒಬ್ಬ, ಕೆಳಗೆ ನಿಂತವರು ಮೂರು ನಾಲ್ಕು ಜನ. ಜಾರಿದರೆ ಆ ಮನೆಯ ಕಥೆ ಮುಗಿಯಿತು. ಅಂಗಡಿಯಲ್ಲಿ ಬಾಟಲಿಯ ಮೇಲಿನ ಬೆಲೆ ನೋಡಿ "ದುಬಾರಿ" ಎಂದು ನಾನೂ ಎಷ್ಟೋ ಸಲ ಕೆಳಗಿಟ್ಟಿದ್ದೇನೆ.

ನೆಲ್ಲಿಯ ಕಥೆ ಬೇರೆ. ಕಾಡಿನಲ್ಲಿ ನೆಲ್ಲಿಮರ ಕಡಿಮೆಯಾಗುತ್ತಿದೆ, ಕಾಯಿ ಕೀಳುವುದೇ ಅದಕ್ಕೆ ಕಾರಣ ಎಂಬ ಮಾತಿತ್ತು. ಕೊಂಬೆ ಕಡಿದು ಕಾಯಿ ಉದುರಿಸುವ ಅಭ್ಯಾಸ ಕೆಲವರಲ್ಲಿ ಇದ್ದದ್ದೂ ನಿಜ. ಆದರೆ ಸೋಲಿಗರು ಬೇರೆಯೇ ಮಾತು ಹೇಳಿದರು. ಮರಗಳನ್ನು ಕೊಲ್ಲುತ್ತಿರುವುದು ಬದನಿಕೆ, ಅವರ ಮಾತಿನಲ್ಲಿ ಉಪ್ಪಿಲು. ಹಿಂದೆ ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗೆ ತರಗು ಬೆಂಕಿ ಹಾಕುತ್ತಿದ್ದೆವು, ಸಣ್ಣ ಬೆಂಕಿ ನೆಲ ಸವರಿ ಹೋಗುತ್ತಿತ್ತು, ಬದನಿಕೆಯೂ ಲಂಟಾನವೂ ಹದ್ದಿನಲ್ಲಿರುತ್ತಿದ್ದವು. ಬೆಂಕಿ ನಿಲ್ಲಿಸಿದಿರಿ, ಇವು ಬೆಳೆದವು ಎಂದರು. ಸಂಶೋಧಕರು ಮರಗಳನ್ನು ಗುರುತು ಹಾಕಿ ವರ್ಷಗಟ್ಟಲೆ ಅಳೆದರು. ಬದನಿಕೆ ಹತ್ತಿದ ಮರ ಸೊರಗುವುದೂ, ಅದನ್ನು ಬಿಡಿಸಿದರೆ ಫಲ ಸುಧಾರಿಸುವುದೂ ಕಂಡುಬಂತು. ಬೆಂಕಿಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಎಲ್ಲ ಬೆಂಕಿಯೂ ತರಗು ಬೆಂಕಿಯಲ್ಲ, ಲಂಟಾನ ಮುಚ್ಚಿದ ಇಂದಿನ ಕಾಡಿಗೆ ಬಿದ್ದರೆ ಅದು ಸಣ್ಣದಾಗಿ ಉಳಿಯುವುದೂ ಇಲ್ಲ.

ನಾವು ಪ್ರವಾಸ ಹೋಗಿ ಬಂದ ಎರಡು ಮೂರು ವರ್ಷದಲ್ಲಿ ಆ ಉಗ್ರಾಣದ ಕೆಲಸ ನಿಂತುಹೋಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯಂತೆ ಅಭಯಾರಣ್ಯದೊಳಗಿಂದ ಮಾರಾಟಕ್ಕಾಗಿ ಏನನ್ನೂ ತೆಗೆಯುವಂತಿಲ್ಲ. 2006ರ ಹೊತ್ತಿಗೆ ಬೆಟ್ಟದಲ್ಲಿ ಅದು ಪೂರ್ತಿ ಜಾರಿಯಾಯಿತು. ಮನೆಯ ಅರ್ಧ ಆದಾಯ ಒಂದೆರಡು ವರ್ಷದಲ್ಲಿ ಇಲ್ಲವಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗಂಡಸರು ಕಾಫಿ ತೋಟದ ಕೂಲಿಗೆ, ಕೊಡಗಿಗೆ, ಕೇರಳದ ಕಡೆಗೆ ಹೋದರು. ನವಾಹೋ ಜನರಿಗೂ ಇಂಥದ್ದೇ ಒಂದು ಪೆಟ್ಟು ಬಿದ್ದಿತ್ತು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲು ಎಂದು ಸರ್ಕಾರ ಅವರ ಲಕ್ಷಾಂತರ ಕುರಿ ಮೇಕೆಗಳನ್ನು ಕಡಿತ ಮಾಡಿತು. ಮಣ್ಣು ಸವೆಯುತ್ತಿದ್ದದ್ದು ನಿಜ. ಕುರಿ ಇಲ್ಲದ ಮೇಲೆ ಉಣ್ಣೆ ಇಲ್ಲ, ಉಣ್ಣೆ ಇಲ್ಲದ ಮೇಲೆ ಅಂಗಡಿಯವನ ಮುಂದೆ ಇಡಲು ಏನೂ ಇಲ್ಲ ಎಂಬುದೂ ಅಷ್ಟೇ ನಿಜ. ಬೆಟ್ಟದಲ್ಲಿ ಹುಲಿ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅದರ ಖರ್ಚನ್ನು ಪಾಚಿ ಬಿಡಿಸುವ ಅಜ್ಜಿಯ ತಲೆಗೆ ಕಟ್ಟಿದ್ದರ ಬಗ್ಗೆ ಮಾತ್ರ ತಕರಾರು.

ಅದೇ 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನೂ ಪಾಸು ಮಾಡಿತು. ಕಿರು ಅರಣ್ಯ ಉತ್ಪನ್ನದ ಒಡೆತನ ಅಲ್ಲಿಯ ಜನರದ್ದು ಎಂದು ಈ ಕಾಯ್ದೆ ಹೇಳುತ್ತದೆ. ಸೋಲಿಗರು ಪೋಡು ಪೋಡಿನಲ್ಲಿ ಸಭೆ ಸೇರಿ ಅರ್ಜಿ ಬರೆದರು. ಬರಿಯ ಅರ್ಜಿಯಲ್ಲ, ನಕಾಶೆಯೂ ಇತ್ತು. ಹಿರಿಯರು ನಡೆದು ತೋರಿಸಿದ ದೇವರ ಬನ, ವೀರರ ಕಲ್ಲು, ಹಳೆಯ ಪೋಡಿನ ನೆಲೆಗಳನ್ನು ಯುವಕರು ಜಿಪಿಎಸ್ ಉಪಕರಣದಲ್ಲಿ ಗುರುತು ಮಾಡಿಕೊಂಡು ನಕಾಶೆ ಬರೆದರು. ನನ್ನ ವೃತ್ತಿಯ ಉಪಕರಣವೊಂದು ಇಷ್ಟು ಸಾರ್ಥಕವಾಗಿ ಬಳಕೆಯಾದದ್ದನ್ನು ನಾನು ಬೇರೆ ಕಡೆ ಕಂಡಿಲ್ಲ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಇದೇ ಮೊದಲು ಎನ್ನುತ್ತಾರೆ.

ಕಳೆದ ವರ್ಷ ಮನೆಯವರನ್ನು ಕರೆದುಕೊಂಡು ಮತ್ತೆ ಹೋಗಿದ್ದೆ. ರಸ್ತೆ ಚೆನ್ನಾಗಿದೆ, ಈ ಸಲ ವಾಂತಿ ಮಾಡಿದ್ದು ನನ್ನ ಮಗಳು ಒಬ್ಬಳೇ. ಪೋಡಿನ ಮನೆಗಳ ಹಿತ್ತಲಲ್ಲಿ ಸಿಲ್ವರ್ ಮರ, ಅದರ ನೆರಳಲ್ಲಿ ಕಾಫಿ ಗಿಡ, ಗಿಡದ ಸಂದಿಯಲ್ಲಿ ಮೆಣಸಿನ ಬಳ್ಳಿ. ಸೋಲಿಗರದ್ದೇ ಕಾಫಿ, ಸೋಲಿಗರದ್ದೇ ಹೆಸರಿನ ಪೊಟ್ಟಣದಲ್ಲಿ ಮಾರಾಟಕ್ಕಿದೆ. ಕಾಡಿನ ಜೇನು, ಪಾಚಿ ಸಂಗ್ರಹ ಮತ್ತೆ ಶುರುವಾಗಿದೆ, ಮೊದಲಿನಷ್ಟು ಅಲ್ಲ. ಹುಡುಗರು ಮರ ಹತ್ತಲು ಮನಸ್ಸು ಮಾಡುವುದಿಲ್ಲ ಎಂದು ಒಬ್ಬ ಅಜ್ಜ ಹೇಳಿದರು. ವಯಸ್ಸು ಎಂಬತ್ತರ ಹತ್ತಿರ. ಗುತ್ತಿಗೆದಾರರ ಕಾಲವನ್ನೂ ಸೊಸೈಟಿಯ ಕಾಲವನ್ನೂ ನೋಡಿದವರು. ಯಾವುದು ವಾಸಿ ಅಜ್ಜ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಾಗ್ಲೂ ತೂಕ ಇಲ್ಲಿ, ಲೆಕ್ಕ ಕೆಳಗೆ. ಆಮೇಕೂ ತೂಕ ಇಲ್ಲಿ, ಲೆಕ್ಕ ಕೆಳಗೆ. ಈಗ ನಮ್ಮ ಹುಡುಗ್ರು ಲೆಕ್ಕ ಬರಕತಾವೆ, ಅಷ್ಟು ವಾಸಿ" ಎಂದರು. ಆಮೇಲೆ ನನ್ನನ್ನೇ ಕೇಳಿದರು: "ನಿಮ್ಮೂರಲ್ಲಿ ಪಾಚಿ ಎಷ್ಟಕ್ಕೆ ಮಾರ್ತಾರೆ ಸ್ವಾಮಿ?" ಕೆಂಗೇರಿಯ ಅಂಗಡಿಯಲ್ಲಿ ಕೊಂಡ ಸಣ್ಣ ಪೊಟ್ಟಣದ ಬೆಲೆ ಹೇಳಿದೆ. ಅದನ್ನು ಕಿಲೋಗೆ ಲೆಕ್ಕ ಹಾಕಿದ್ದು ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು, ಬಾಯಲ್ಲೇ, ನನಗಿಂತ ಬೇಗ. ಮೊತ್ತ ಕೇಳಿ ಅಜ್ಜ ನಕ್ಕುಬಿಟ್ಟರು.

ತಾತ ತೀರಿಕೊಂಡು ಬಹಳ ವರ್ಷವಾಯಿತು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಅವರ ಖಾತೆ ಪುಸ್ತಕಗಳಲ್ಲಿ ಮೂರು ಅಟ್ಟದ ಮೇಲೆ ಸಿಕ್ಕಿವೆ. ಗೆದ್ದಲು ತಿಂದದ್ದು ಬಿಟ್ಟು ಓದಬಹುದಾದಷ್ಟರಲ್ಲಿ ಯಾವ ಹಳ್ಳಿಯವರು ಏನು ತಂದರು, ಎಷ್ಟು ಕಳೆದರು, ಏನು ಕೊಟ್ಟರು ಎಂಬುದೆಲ್ಲ ತಾತನ ಬಾಗಿದ ಅಕ್ಷರದಲ್ಲಿದೆ. ಕೆಂಗೇರಿ, ಉಲ್ಲಾಳು, ಸುತ್ತಲಿನ ಹಳೆಯ ಅಂಗಡಿ ಮನೆತನದವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಅಟ್ಟದಲ್ಲೂ ಇಂಥ ಪುಸ್ತಕ ಇದ್ದರೆ ಗುಜರಿಗೆ ಹಾಕಬೇಡಿ. ಶಾಲೆಗೆ ತಂದುಕೊಡಿ. ಈ ಮೂರನ್ನು ನಾನು ಸ್ಕ್ಯಾನ್ ಮಾಡಿ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ, ನಿಮ್ಮದನ್ನೂ ಮಾಡಿಕೊಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಆ ಮೂರು ಕಾಲಂನ ಮನೆಗೆಲಸವನ್ನು ಈಗಿನ ಮೇಡಂ ಮತ್ತೆ ಕೊಡುತ್ತಾರಂತೆ.